ಕರಿಯ ಜ್ಯಾಕೋಬಿನರ ಚರಿತ್ರಕಾರ: ಸಿ. ಎಲ್. ಆರ್. ಜೇಮ್ಸ್

೧೮೮೭ನೆಯ ಇಸವಿಯ ಆದಿಯಲ್ಲಿ, ಆಗಿನ ಆಂಗ್ಲ ಚರಿತ್ರಕಾರರಲ್ಲಿ ಅಗ್ರಗಣ್ಯನೆನಿಸಿದ್ದ ಜೇಮ್ಸ್ ಆಂಥನಿ ಫ್ರೌಡನು ಪಶ್ಚಿಮ ಇಂಡೀಸಿನ ದ್ವೀಪಗಳಲ್ಲಿ ಕೆಲವು ವಾರಗಳ ಕಾಲ ಸಂಚರಿಸಿ ಹೋಗಿ, ಮರುವರ್ಷವೇ ಅವುಗಳ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯ ಕರಿಯ ಜನರು ತಮ್ಮನ್ನು ತಾವು ಆಳಿಕೊಳ್ಳಲು ಅನರ್ಹರು, ಅವರ ಕೈಗೆ ರಾಜ್ಯವನ್ನು ಕೊಟ್ಟರೆ ದ್ವೀಪಗಳೆಲ್ಲವೂ ಹೈತಿಯಂತೆ ಹಾಳಾಗುವುವು ಎಂಬುದೇ ಆ ಗ್ರಂಥದ ಸಾರ. ಬಿಳಿಯ ಅಧಿಕಾರಿಗಳ ಮನೆಯ ಜಗಲಿಯ ಮೇಲೆ ಕುಳಿತು ಕೇಳಿದ ಮಾತುಗಳೇ ಅದರಲ್ಲಿ ಬಹುಮಟ್ಟಿಗೆ ಪ್ರಮಾಣಗಳಾಗಿದ್ದುವು. ಇದಕ್ಕೆ ಉತ್ತರ ಕೊಟ್ಟವನು ಯಾವ ವಿಶ್ವವಿದ್ಯಾನಿಲಯದ ಪಂಡಿತನೂ ಅಲ್ಲ. ಟ್ರಿನಿಡಾಡಿನ ಒಬ್ಬ ಕರಿಯ ಶಾಲಾ ಉಪಾಧ್ಯಾಯ. ಗುಲಾಮಗಿರಿಯು ರದ್ದಾದ ಕೆಲವೇ ವರ್ಷಗಳಲ್ಲಿ ಹುಟ್ಟಿದ ಜಾನ್ ಜೇಕಬ್ ಥಾಮಸನು, ಫ್ರೌಡನ ಹೆಸರನ್ನೂ ಉದ್ಧಟತನವೆಂಬರ್ಥದ ಆಂಗ್ಲ ಶಬ್ದವನ್ನೂ ಬೆಸೆದು, ತನ್ನ ಪುಸ್ತಕಕ್ಕೆ 'ಫ್ರೌಡಾಸಿಟಿ' ಎಂಬ ಕುಚೋದ್ಯದ ಹೆಸರಿಟ್ಟನು. ೧೮೮೯ರಲ್ಲಿ ಅದು ಅಚ್ಚಾಯಿತು. ಅದೇ ವರ್ಷ ಥಾಮಸನು ಲಂಡನ್ನಿನಲ್ಲಿ ತೀರಿಕೊಂಡನು. ಪುಸ್ತಕವು ಬಹುಬೇಗ ಮರೆತುಹೋಯಿತು. ಎಂಬತ್ತು ವರ್ಷಗಳ ತರುವಾಯ, ೧೯೬೯ರಲ್ಲಿ, ಅದು ಪುನಃ ಮುದ್ರಣಗೊಂಡಾಗ ಮುನ್ನುಡಿಯನ್ನು ಬರೆದವನು ಅದೇ ದ್ವೀಪದ ಇನ್ನೊಬ್ಬ ಉಪಾಧ್ಯಾಯ. ಅಷ್ಟುಹೊತ್ತಿಗೆ ಆತನ ಹೆಸರು ಮೂರು ಖಂಡಗಳಲ್ಲಿ ಪ್ರಸಿದ್ಧವಾಗಿದ್ದಿತು.

ಸಿರಿಲ್ ಲಯನೆಲ್ ರಾಬರ್ಟ್ ಜೇಮ್ಸನು ೧೯೦೧ನೆಯ ಇಸವಿ ಜನವರಿ ೪ರಂದು ಜನಿಸಿದನು. ತಂದೆ ಶಾಲಾಮಾಸ್ತರ, ತಾಯಿ ಕೈಗೆ ಸಿಕ್ಕಿದ ಪುಸ್ತಕವನ್ನೆಲ್ಲ ಓದುವ ಹೆಂಗಸು. ಟುನಾಪುನ ಎಂಬ ಊರಿನಲ್ಲಿದ್ದ ಅವರ ಮನೆಯು ಕ್ರಿಕೆಟ್ ಮೈದಾನದ ಮಗ್ಗುಲಿಗೇ ಇದ್ದಿತು. ಆರು ವರ್ಷದ ಹುಡುಗನು ಮಲಗುವ ಕೋಣೆಯ ಕಿಟಕಿಯ ಬಳಿ ಕುರ್ಚಿಯ ಮೇಲೆ ನಿಂತರೆ ಆಟವೆಲ್ಲ ಕಾಣುವುದು. ಅಲ್ಲಿಂದಲೇ ಕೈಚಾಚಿದರೆ ಬೀರುವಿನ ಮೇಲಿಟ್ಟಿದ್ದ ಪುಸ್ತಕಗಳು ಸಿಕ್ಕುವುವು. ಊರಿನಲ್ಲಿ ಮ್ಯಾಥ್ಯೂ ಬಾಂಡ್‌ಮನ್ ಎಂಬವನೊಬ್ಬನಿದ್ದನು. ದುಡಿಮೆಯಿಲ್ಲ, ಶುಚಿಯಿಲ್ಲ, ಬಾಯಲ್ಲಿ ಕೆಟ್ಟ ಮಾತು. ಜೇಮ್ಸನ ಮನೆಯ ಹಿರಿಯರಿಗೆ ಅವನನ್ನು ಕಂಡರಾಗದು. ಆದರೆ ಅವನು ದಾಂಡನ್ನು ಹಿಡಿದು ನಿಂತನೆಂದರೆ ಊರೇ ಉಸಿರು ಬಿಗಿಹಿಡಿದು ನೋಡುತ್ತಿದ್ದಿತು. ಇಂತಹವನಲ್ಲಿ ಇಂತಹ ಸೊಬಗು ಹೇಗೆ ಬಂದಿತೆಂಬ ಪ್ರಶ್ನೆಯು ಆ ಬಾಲಕನನ್ನು ಅರುವತ್ತು ವರ್ಷ ಬಿಡಲಿಲ್ಲ.

೧೯೧೦ರಲ್ಲಿ ವಿದ್ಯಾರ್ಥಿವೇತನವನ್ನು ಗೆದ್ದು ಜೇಮ್ಸನು ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ರಾಯಲ್ ಕಾಲೇಜನ್ನು ಸೇರಿದನು. ಲ್ಯಾಟಿನ್, ಗ್ರೀಕ್, ಆಂಗ್ಲ ಸಾಹಿತ್ಯಗಳನ್ನು ಕಲಿಸುವ ಆ ಶಾಲೆಯಲ್ಲಿ ದ್ವೀಪದ ಚರಿತ್ರೆಗೆ ಸ್ಥಳವಿರಲಿಲ್ಲ. ಭಾರತದ ವಿದ್ಯಾವಂತ ಕುಟುಂಬಗಳಿಗೆ ಈ ಬಗೆಯ ವಿದ್ಯಾಭ್ಯಾಸವು ಅಪರಿಚಿತವಲ್ಲ. ಥ್ಯಾಕರೆಯ ಕಾದಂಬರಿಯನ್ನು ಮತ್ತೆ ಮತ್ತೆ ಓದಿ ಕಂಠಪಾಠ ಮಾಡಿಕೊಂಡ ಹುಡುಗನಿಗೆ ತನ್ನ ಮುತ್ತಜ್ಜಂದಿರು ಯಾವ ತೋಟದಲ್ಲಿ ಕಬ್ಬು ಕಡಿದರೆಂಬುದು ತಿಳಿಯದು. ಕ್ರಿಕೆಟ್ ಸಂಘಗಳಲ್ಲಂತೂ ಮೈಬಣ್ಣವು ಒಂದೊಂದು ಛಾಯೆಯಲ್ಲಿಯೂ ಎಣಿಕೆಗೆ ಬರುತ್ತಿದ್ದಿತು. ಕ್ವೀನ್ಸ್ ಪಾರ್ಕ್ ಬಿಳಿಯ ಧನಿಕರದು. ಮೇಪಲ್ ಗೋಧಿಬಣ್ಣದ ಮಧ್ಯಮವರ್ಗದವರದು. ಶ್ಯಾನನ್ ಕರಿಯ ಗುಮಾಸ್ತ ಮಾಸ್ತರರದು. ಸ್ಟಿಂಗೋ ಬಡ ಕೂಲಿಗಾರರದು. ಕಪ್ಪು ಮೈಯವನಾದ ಜೇಮ್ಸನು ತನ್ನ ವಿದ್ಯೆಯ ಬಲದಿಂದ ಮೇಪಲಿಗೆ ಸೇರಿದನು. ಆ ಆಯ್ಕೆಯಿಂದ ತನ್ನ ಜನರಿಂದ ದೂರವಾದೆನೆಂದೂ, ತನ್ನ ರಾಜಕೀಯ ಬುದ್ಧಿಯು ಬಲಿಯಲು ಹಲವು ವರ್ಷ ತಡವಾಯಿತೆಂದೂ ಆತನು ಮುಂದೆ ಒಪ್ಪಿಕೊಂಡನು. ತನ್ನ ತಪ್ಪನ್ನು ಇಷ್ಟು ನೇರವಾಗಿ ಬರೆದಿಟ್ಟ ಚರಿತ್ರಕಾರರು ವಿರಳ.

ಅದೇ ಕಾಲೇಜಿನಲ್ಲಿ ಆತನು ಉಪಾಧ್ಯಾಯನಾದನು. ಅಲ್ಲಿ ಓದುತ್ತಿದ್ದವರಲ್ಲಿ ಎರಿಕ್ ವಿಲಿಯಮ್ಸ್ ಎಂಬ ಚುರುಕಾದ ಹುಡುಗನೊಬ್ಬನಿದ್ದನು. ಅವನ ಪ್ರಸಂಗವು ಮುಂದೆ ಬರುವುದು. ಈ ಕಾಲದಲ್ಲಿ ಜೇಮ್ಸನು ಸ್ನೇಹಿತರೊಡನೆ ಮಾಸಪತ್ರಿಕೆಗಳನ್ನು ನಡೆಯಿಸಿದನು, ಹಟ್ಟಿಗಳ ಬಡಜನರ ಕಥೆಗಳನ್ನು ಬರೆದನು. ೧೯೩೧ರಲ್ಲಿ, ದ್ವೀಪದ ಕೃಷಿ ಕಾಲೇಜಿನ ಹಾರ್ಲೆಂಡ್ ಎಂಬ ಆಂಗ್ಲ ವಿಜ್ಞಾನಿಯು ಕರಿಯರ ಬುದ್ಧಿಶಕ್ತಿಯು ಹುಟ್ಟಿನಿಂದಲೇ ಕೀಳೆಂದು 'ಬೀಕನ್' ಪತ್ರಿಕೆಯಲ್ಲಿ ಬರೆದನು. ಜೇಮ್ಸನು ಅದೇ ಪತ್ರಿಕೆಯಲ್ಲಿ ಆ ಲೇಖನದ ಲೆಕ್ಕಾಚಾರವನ್ನು ಕಣಕಣವಾಗಿ ಬಿಡಿಸಿಟ್ಟನು. ಆ ಉತ್ತರದಲ್ಲಿ ಆತನು ಮುಂದಿಟ್ಟ ಹೆಸರುಗಳಲ್ಲಿ ಒಂದು, ಹೈತಿಯ ಗುಲಾಮರ ನಾಯಕನಾದ ಟೂಸಾಂ ಲೂವೆರ್ತೂರನದು. ಥಾಮಸನು ಫ್ರೌಡನಿಗೆ ಕೊಟ್ಟ ಉತ್ತರವು ಹೀಗೆ ತಿಳಿಯದೆಯೇ ಮುಂದುವರಿಯಿತು.

೧೯೩೨ರಲ್ಲಿ ಜೇಮ್ಸನು ಇಂಗ್ಲೆಂಡಿಗೆ ಹಡಗು ಹತ್ತಿದನು. ಕಾದಂಬರಿಕಾರನಾಗಬೇಕೆಂಬುದೇ ಆಗಿನ ಹಂಬಲ. ಗೆಳೆಯನಾದ ಲಿಯರಿ ಕಾನ್‌ಸ್ಟಂಟೈನನು ಲ್ಯಾಂಕಶೈರಿನ ನೆಲ್ಸನ್ ಎಂಬ ನೂಲಿನ ಗಿರಣಿಗಳ ಪಟ್ಟಣದಲ್ಲಿ ವೃತ್ತಿಗಾರ ಕ್ರಿಕೆಟ್ ಆಟಗಾರನಾಗಿದ್ದನು. ಆತನ ಮನೆಯಲ್ಲಿಯೇ ಜೇಮ್ಸನು ಇಳಿದುಕೊಂಡನು. ಆಂಗ್ಲರು ಯಾವುದರಲ್ಲಿಯೂ ತಮಗಿಂತ ಮೇಲಲ್ಲವೆಂಬುದು ಕಾನ್‌ಸ್ಟಂಟೈನನ ಅಭಿಪ್ರಾಯ. ಪುಸ್ತಕಗಳಲ್ಲಿ ಇಂಗ್ಲೆಂಡನ್ನು ಆರಾಧಿಸುತ್ತ ಬೆಳೆದ ಜೇಮ್ಸನಿಗೆ ಈ ಮಾತು ಮೊದಲು ಹಿಡಿಸಿರಲೇ ಇಲ್ಲ. ಲೋಕವನ್ನು ಓದಿದವನಿಗಿಂತ ಲೋಕದಲ್ಲಿ ಆಡಿದವನು ಮುಂದಿದ್ದನು. ಆ ವರ್ಷವೇ, ಟ್ರಿನಿಡಾಡಿನ ಬರಿಗಾಲ ಬಡವರ ಪಕ್ಷ ಹಿಡಿದ ಕ್ಯಾಪ್ಟನ್ ಸಿಪ್ರಿಯಾನಿಯ ಜೀವನಚರಿತ್ರೆಯು ಕಾನ್‌ಸ್ಟಂಟೈನನ ನೆರವಿನಿಂದ ನೆಲ್ಸನ್ನಿನಲ್ಲಿ ಅಚ್ಚಾಯಿತು. ಅದರ ಸಾರವು ೧೯೩೩ರಲ್ಲಿ, ಪಶ್ಚಿಮ ಇಂಡೀಸಿನ ಸ್ವರಾಜ್ಯದ ವಾದವಾಗಿ, ಲಂಡನ್ನಿನ ಹೋಗಾರ್ತ್ ಮುದ್ರಣಾಲಯದಿಂದ ಹೊರಬಂದಿತು. ಹೊಟ್ಟೆಪಾಡಿಗೆ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯಲ್ಲಿ ಕ್ರಿಕೆಟ್ ವರದಿಗಳನ್ನು ಬರೆದನು.

ಒಂದು ದಿನ ಜಾರ್ಜ್ ಪ್ಯಾಡ್‌ಮೋರ್ ಎಂಬ ಪ್ರಖ್ಯಾತ ಕ್ರಾಂತಿಕಾರನ ಭಾಷಣವನ್ನು ಕೇಳಲು ಆತನು ಲಂಡನ್ನಿನ ಸಭೆಯೊಂದಕ್ಕೆ ಹೋದನು. ವೇದಿಕೆಗೆ ಬಂದವನನ್ನು ನೋಡಿದರೆ, ಟ್ರಿನಿಡಾಡಿನ ಬಾಲ್ಯಸ್ನೇಹಿತ ಮ್ಯಾಲ್ಕಮ್ ನರ್ಸ್! ಪ್ಯಾಡ್‌ಮೋರ್ ಎಂಬುದು ಆತನು ತಾಳಿದ ಹೆಸರು. ೧೯೩೫ರಲ್ಲಿ ಇಟಲಿಯು ಇಥಿಯೋಪಿಯದ ಮೇಲೆ ದಂಡೆತ್ತಿದಾಗ ಕರಿಯ ಜನರ ಸಂಘವೊಂದು ಲಂಡನ್ನಿನಲ್ಲಿ ಏರ್ಪಟ್ಟಿತು. ಜೇಮ್ಸನೇ ಅದರ ಅಧ್ಯಕ್ಷ. ಮುಂದೆ ಕೆನ್ಯಾ ದೇಶದ ರಾಷ್ಟ್ರಪತಿಯಾದ ಜೋಮೋ ಕೆನ್ಯಾಟನೂ ಆ ಬಳಗದಲ್ಲಿದ್ದನು. ಆಫ್ರಿಕಕ್ಕೆ ಸ್ವಾತಂತ್ರ್ಯವೆಂದರೆ ಆಗ ಲಂಡನ್ನಿನಲ್ಲಿ ನಗುವವರೇ ಹೆಚ್ಚು.

ಈ ವಾತಾವರಣದಲ್ಲಿ ಬೆಳೆದ ಗ್ರಂಥವೇ ೧೯೩೮ರಲ್ಲಿ ಹೊರಬಂದ 'ದಿ ಬ್ಲ್ಯಾಕ್ ಜ್ಯಾಕೋಬಿನ್ಸ್'. ಅದಕ್ಕಾಗಿ ಜೇಮ್ಸನು ಪ್ಯಾರಿಸ್ಸಿನ ದಫ್ತರಖಾನೆಗಳಲ್ಲಿ ತಿಂಗಳುಗಟ್ಟಲೆ ದುಡಿದನು. ಹೈತಿಯ ಯುದ್ಧಗಳ ಚರಿತ್ರೆಯನ್ನು ಬರೆದಿದ್ದ ಕರ್ನಲ್ ನೆಮೂರ್ ಎಂಬ ಹೈತಿಯ ವಿದ್ವಾಂಸನು ಅಲ್ಲಿ ಆತನಿಗೆ ಭೇಟಿಯಾದನು. ಮೇಜಿನ ಮೇಲೆ ಪುಸ್ತಕಗಳನ್ನೂ ಕಾಫಿಯ ಬಟ್ಟಲುಗಳನ್ನೂ ಬೆಟ್ಟ ಕೋಟೆ ದಂಡುಗಳಂತೆ ಜೋಡಿಸಿ ಒಂದೊಂದು ಕಾಳಗವು ಹೇಗೆ ನಡೆಯಿತೆಂಬುದನ್ನು ತೋರಿಸಿಕೊಟ್ಟನು. ಗ್ರಂಥಕ್ಕೆ ಮುನ್ನವೇ ಇದೇ ವಸ್ತುವಿನ ಮೇಲೆ ಜೇಮ್ಸನು ಬರೆದ ನಾಟಕವು ೧೯೩೬ರ ಮಾರ್ಚಿಯಲ್ಲಿ ಲಂಡನ್ನಿನ ರಂಗಭೂಮಿಯನ್ನೇರಿದ್ದಿತು. ಟೂಸಾಂ ಪಾತ್ರವನ್ನು ವಹಿಸಿದವನು ಮಹಾಗಾಯಕನಾದ ಪಾಲ್ ರೋಬ್ಸನ್.

ಕಥಾವಸ್ತುವು ಇಂತಿದೆ. ಹೈತಿಯು ಆಗ ಸ್ಯಾನ್ ಡೊಮಿಂಗೋ ಎಂಬ ಫ್ರೆಂಚ್ ವಸಾಹತು. ಕಬ್ಬು, ಕಾಫಿ, ಹತ್ತಿ, ನೀಲಿಗಳ ಮೂಲಕ ಫ್ರಾನ್ಸಿನ ಸಮುದ್ರವ್ಯಾಪಾರದ ಬಹುಭಾಗವು ಅಲ್ಲಿಂದಲೇ ಹುಟ್ಟುತ್ತಿದ್ದಿತು. ಸುಮಾರು ಐದು ಲಕ್ಷ ಗುಲಾಮರು. ಬಿಳಿಯರು ನಲವತ್ತು ಸಾವಿರವನ್ನು ಮೀರಿರಲಿಲ್ಲ. ೧೭೮೯ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ಹೊತ್ತಿಕೊಂಡಿತು. ೧೭೯೧ರ ಆಗಸ್ಟ್ ತಿಂಗಳಿನಲ್ಲಿ ಸ್ಯಾನ್ ಡೊಮಿಂಗೋವಿನ ಉತ್ತರದ ಬಯಲಿನ ಕಬ್ಬಿನ ತೋಟಗಳು ಹೊತ್ತಿಕೊಂಡುವು. ೧೭೯೪ರ ಫೆಬ್ರವರಿ ೪ರಂದು ಪ್ಯಾರಿಸ್ಸಿನ ಜನಸಭೆಯು ಗುಲಾಮಗಿರಿಯನ್ನು ರದ್ದುಮಾಡಿತು. ದ್ವೀಪವನ್ನು ನುಂಗಲು ಬಂದ ಆಂಗ್ಲರ ಸೇನೆಯು ಐದು ವರ್ಷ ಕಾದಾಡಿ, ಖಡ್ಗಕ್ಕೂ ಹಳದಿ ಜ್ವರಕ್ಕೂ ತುತ್ತಾಗಿ, ೧೭೯೮ರಲ್ಲಿ ಹಿಂದೆಗೆಯಿತು. ಬ್ರೇಡಾ ತೋಟದಲ್ಲಿ ಸಾರಥಿಯಾಗಿದ್ದ ಟೂಸಾಂ ಈಗ ದ್ವೀಪದ ಒಡೆಯನಾದನು. ನೆಪೋಲಿಯನ್ನನು ಇದನ್ನು ಸಹಿಸದೆ, ತನ್ನ ಭಾವಮೈದುನನಾದ ಲೆಕ್ಲೇರನ ಕೈಯಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ದಂಡನ್ನು ಕಳುಹಿಸಿದನು. ೧೮೦೨ರಲ್ಲಿ ಟೂಸಾಂ ಮೋಸದಿಂದ ಸೆರೆಸಿಕ್ಕಿ, ೧೮೦೩ರ ಏಪ್ರಿಲ್ ೭ರಂದು ಫ್ರಾನ್ಸಿನ ಜೂರಾ ಬೆಟ್ಟಗಳ ಚಳಿಕೋಟೆಯಲ್ಲಿ ಸತ್ತನು. ಆದರೆ ಆತನ ದಂಡನಾಯಕನಾದ ದೆಸಲೀನನು ೧೮೦೪ರ ಜನವರಿ ೧ರಂದು ಹೈತಿಯ ಸ್ವಾತಂತ್ರ್ಯವನ್ನು ಸಾರಿದನು. ಆ ಸ್ವಾತಂತ್ರ್ಯದ ಬೆಲೆಯಾಗಿ ಫ್ರಾನ್ಸು ೧೮೨೫ರಲ್ಲಿ ಯುದ್ಧನೌಕೆಗಳನ್ನು ಮುಂದಿಟ್ಟುಕೊಂಡು ಹದಿನೈದು ಕೋಟಿ ಫ್ರಾಂಕುಗಳನ್ನು ವಿಧಿಸಿತು. ತಾನು ಕಳೆದುಕೊಂಡ ಗುಲಾಮರಿಗೆ ದಣಿಯು ಗುಲಾಮರಿಂದಲೇ ಪರಿಹಾರ ಪಡೆದುದು ಲೋಕಚರಿತ್ರೆಯಲ್ಲಿ ಒಂದು ವಿಚಿತ್ರ.

ಈ ಸಂಗತಿಗಳನ್ನು ಜೇಮ್ಸನಿಗಿಂತ ಮೊದಲೇ ಬರೆದವರುಂಟು. ಆತನ ಹೊಸತನವು ಬೇರೆ ಕಡೆಯಲ್ಲಿದೆ. ಆತನ ಪುಸ್ತಕದಲ್ಲಿ ಗುಲಾಮರು ಕರುಣೆಗೆ ಪಾತ್ರರಾಗಿ ಬರುವುದಿಲ್ಲ. ಕಾರ್ಯಕ್ಕೆ ಕರ್ತೃಗಳಾಗಿ ಬರುತ್ತಾರೆ. ಆ ತೋಟಗಳ ದೊಡ್ಡ ಆಲೆಮನೆಗಳಲ್ಲಿ ನೂರುಗಟ್ಟಲೆ ಜನರು ಒಟ್ಟುಗೂಡಿ ದುಡಿಯುತ್ತಿದ್ದುದರಿಂದ, ಅವರು ಆ ಕಾಲದ ಯೂರೋಪಿನ ಯಾವ ಕೂಲಿಗಾರರಿಗಿಂತಲೂ ಹೆಚ್ಚಾಗಿ ಇಂದಿನ ಕಾರ್ಖಾನೆಯ ಕಾರ್ಮಿಕರಂತಿದ್ದರೆಂದು ಆತನು ವಾದಿಸಿದನು. ಆದುದರಿಂದಲೇ ಅವರ ದಂಗೆಯು ಕುರುಡು ಕೋಪವಾಗಿ ಆರಿಹೋಗದೆ, ಸಂಘಟಿತವಾದ ಕ್ರಾಂತಿಯಾಯಿತು. ಪ್ಯಾರಿಸ್ಸಿನ ಬಡಜನರೂ ಸ್ಯಾನ್ ಡೊಮಿಂಗೋವಿನ ಗುಲಾಮರೂ ಸಾವಿರಾರು ಹರಿದಾರಿ ದೂರದಲ್ಲಿದ್ದುಕೊಂಡು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. 'ಕರಿಯ ಜ್ಯಾಕೋಬಿನರು' ಎಂಬ ಹೆಸರಿನ ಅರ್ಥವಿದೇ. ನಾಂತ್, ಬೋರ್ಡೋ ಪಟ್ಟಣಗಳಲ್ಲಿ ಮಾನವನ ಹಕ್ಕುಗಳನ್ನು ಘೋಷಿಸಿದ ವರ್ತಕರ ಸಂಪತ್ತೇ ಗುಲಾಮರ ಬೆವರಿನಿಂದ ಬಂದುದೆಂಬುದನ್ನು ಓದುವಾಗ, ಯೂರೋಪಿನ ಚರಿತ್ರೆಯನ್ನು ಯೂರೋಪಿನೊಳಗೇ ಬರೆದು ಮುಗಿಸುವ ಪದ್ಧತಿಯು ಎಷ್ಟು ಅರೆಕೊರೆಯದೆಂಬುದು ತಾನೇ ಗೋಚರವಾಗುವುದು.

ಭಾರತವೂ ಈ ವಾದದೊಳಗೆ ಬರುತ್ತದೆ. ಆಂಗ್ಲ ಮಂತ್ರಿಯಾದ ಪಿಟ್ಟನು ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲ್ಬರ್‌ಫೋರ್ಸನನ್ನು ಹುರಿದುಂಬಿಸಿದುದು ಬರಿಯ ದಯೆಯಿಂದಲ್ಲವೆಂದು ಜೇಮ್ಸನು ಹೇಳಿದನು. ಆಫ್ರಿಕದ ಗುಲಾಮರು ದೊರೆಯದಿದ್ದರೆ ಫ್ರೆಂಚರ ಸ್ಯಾನ್ ಡೊಮಿಂಗೋ ಸೊರಗುವುದು, ಭಾರತದ ಅಗ್ಗದ ಕೂಲಿಯಿಂದ ಬೆಳೆದ ಸಕ್ಕರೆಯು ಯೂರೋಪಿನ ಪೇಟೆಯನ್ನು ಹಿಡಿಯುವುದು, ಇದು ಲೆಕ್ಕ. ಎರಿಕ್ ವಿಲಿಯಮ್ಸನು ಆಕ್ಸ್‌ಫರ್ಡಿನಲ್ಲಿ ಈ ಎಳೆಯನ್ನೇ ಹಿಡಿದು ನೂತು, ೧೯೪೪ರಲ್ಲಿ 'ಬಂಡವಾಳಶಾಹಿ ಮತ್ತು ಗುಲಾಮಗಿರಿ' ಎಂಬ ಗ್ರಂಥವನ್ನು ಪ್ರಕಟಿಸಿದನು. ಗುಲಾಮರ ವ್ಯಾಪಾರವು ನಿಂತಾಗ ಆಂಗ್ಲರಿಗೆ ಅದು ಇನ್ನೂ ಲಾಭದಾಯಕವಾಗಿಯೇ ಇದ್ದಿತೆಂದು ಸೀಮೋರ್ ಡ್ರೆಶರ್ ಎಂಬ ವಿದ್ವಾಂಸನು ೧೯೭೭ರಲ್ಲಿ ಅಂಕಿಗಳೊಡನೆ ಪ್ರತಿವಾದಿಸಿದನು. ವ್ಯಾಜ್ಯವು ತೀರಿಲ್ಲ; ಜೇಮ್ಸನು ಲೆಕ್ಕದ ಪಾತ್ರವನ್ನು ತುಸು ಹೆಚ್ಚಾಗಿ ಹಿಗ್ಗಿಸಿದನೆಂದೇ ತೋರುತ್ತದೆ. ಆದರೆ ಆಂಗ್ಲರ ದಯೆಯೊಂದೇ ಎಲ್ಲಕ್ಕೂ ಕಾರಣವೆಂಬ ಹಳೆಯ ಕಥೆಯು ಆತನ ತರುವಾಯ ಮೊದಲಿನಂತೆ ನಿಲ್ಲಲಿಲ್ಲ. ಗುಲಾಮಗಿರಿಯು ಹೋದ ಬಳಿಕ ಅದೇ ಕಬ್ಬಿನ ತೋಟಗಳಿಗೆ ಯಾರನ್ನು ತಂದರೆಂಬುದೂ ಸ್ಮರಣೀಯ. ೧೮೪೫ರ ಮೇ ೩೦ರಂದು ಮೊದಲ ಹಡಗು ಟ್ರಿನಿಡಾಡನ್ನು ಮುಟ್ಟಿತು. ೧೯೧೭ರ ವರೆಗೆ ಸುಮಾರು ೧,೪೪,೦೦೦ ಭಾರತೀಯರು ಕರಾರಿನ ಕೂಲಿಗಳಾಗಿ ಅಲ್ಲಿಗೆ ಸಾಗಿದರು.

ಗ್ರಂಥದ ಮರ್ಮಸ್ಥಾನವು ಟೂಸಾಂನ ಪತನ. ಜೇಮ್ಸನು ತನ್ನ ನಾಯಕನನ್ನು ಪ್ರೀತಿಸಿದನು, ಆದರೆ ಕ್ಷಮಿಸಲಿಲ್ಲ. ಹಾಳಾದ ದೇಶವನ್ನು ಎತ್ತಬೇಕೆಂದು ಟೂಸಾಂ ಬಿಡುಗಡೆಯಾದ ಜನರನ್ನು ಮತ್ತೆ ತೋಟಗಳ ದುಡಿಮೆಗೆ ಕಟ್ಟಿದನು. ಬಿಳಿಯ ದಣಿಗಳನ್ನು ಮರಳಿ ಕರೆಯಿಸಿದನು. ಬೆಳೆಯ ನಾಲ್ಕರಲ್ಲೊಂದು ಪಾಲು ಕೂಲಿಗಾರರದು, ಚಾವಟಿಗೆ ಎಡೆಯಿಲ್ಲ. ಏಕೆ ಹೀಗೆ ಎಂಬುದನ್ನು ಮಾತ್ರ ಆತನು ಜನರಿಗೆ ಬಿಡಿಸಿ ಹೇಳಲಿಲ್ಲ. ಅವರ ಅಸಮಾಧಾನವು ೧೮೦೧ರಲ್ಲಿ ದಂಗೆಯಾಗಿ ಎದ್ದಿತು; ಅವರ ಮೆಚ್ಚಿನವನೂ ತನ್ನ ದತ್ತು ಬಂಧುವೂ ಆದ ಮೋಯೀಸನನ್ನು ಟೂಸಾಂ ಗುಂಡಿಕ್ಕಿಸಿ ಕೊಲ್ಲಿಸಿದನು. ಫ್ರೆಂಚರ ದಂಡು ತೀರಕ್ಕೆ ಬಂದಾಗ ಜನರು ಗೊಂದಲದಲ್ಲಿದ್ದರು. ನಾಯಕನು ತನ್ನ ಜನರಿಗೆ ವಿವರಿಸದೆ ಅವರ ಹಿತವನ್ನು ಸಾಧಿಸಲಾರನೆಂಬ ಈ ತೀರ್ಪು, ಹೈತಿಯ ವಿಷಯದಲ್ಲಿ ಬರೆದುದಾದರೂ, ಜೇಮ್ಸನ ಬಾಳಿನುದ್ದಕ್ಕೂ ಅನೇಕ ನಾಯಕರಿಗೆ ಅನ್ವಯಿಸಿತು.

ಕಾಲವು ಈ ಗ್ರಂಥದ ಕೆಲವು ಮಾತುಗಳನ್ನು ತಿದ್ದಿದೆ. ದಂಗೆಗೆ ಮುನ್ನವೇ, ೧೭೭೦ರ ದಶಕದಲ್ಲಿ, ಟೂಸಾಂ ಬಿಡುಗಡೆ ಹೊಂದಿದ್ದನೆಂದೂ, ಗುಲಾಮರಿದ್ದ ತೋಟವೊಂದನ್ನು ತಾನೇ ಗುತ್ತಿಗೆ ಹಿಡಿದಿದ್ದನೆಂದೂ ತೋರಿಸುವ ಪತ್ರಗಳು ಆಮೇಲೆ ಬೆಳಕಿಗೆ ಬಂದುವು. ಜೇಮ್ಸನೇ ೧೯೭೧ರಲ್ಲಿ ಅಟ್ಲಾಂಟದ ಉಪನ್ಯಾಸಗಳಲ್ಲಿ, ಮತ್ತೆ ಬರೆಯುವುದಾದರೆ ನಾಯಕನನ್ನು ಹಿಂದಕ್ಕಿಟ್ಟು, ಹೆಸರಿಲ್ಲದ ಜನರ ಮಾತುಗಳನ್ನೇ ಹುಡುಕಿ ಮುಂದಿಡುವೆನೆಂದು ಹೇಳಿದನು. ಆ ಕೆಲಸವನ್ನು ಆತನ ಪ್ರೇರಣೆಯಿಂದ ಕ್ಯಾರೊಲಿನ್ ಫಿಕ್ ಎಂಬ ವಿದುಷಿಯು ಕೈಗೊಂಡು ೧೯೯೦ರಲ್ಲಿ ತನ್ನ ಗ್ರಂಥವನ್ನು ಹೊರತಂದಳು.

೧೯೩೮ರ ಕೊನೆಯಲ್ಲಿ ಜೇಮ್ಸನು ಅಮೆರಿಕಕ್ಕೆ ಹೋಗಿ ಹದಿನೈದು ವರ್ಷ ನಿಂತನು. ೧೯೩೯ರಲ್ಲಿ ಮೆಕ್ಸಿಕೋವಿನಲ್ಲಿ ಟ್ರಾಟ್‌ಸ್ಕಿಯನ್ನು ಕಂಡು ಕರಿಯರ ಸ್ವತಂತ್ರ ಚಳುವಳಿಯ ಪರವಾಗಿ ವಾದಿಸಿದನು. ಕ್ರಮೇಣ ಆ ಪಂಥವನ್ನೂ ಬಿಟ್ಟನು. ಪಂಥದೊಳಗಿನ ಉಪಪಂಥಗಳ ಆ ವಾಗ್ವಾದಗಳು ಇಂದು ಒಣಗಿದ ತರಗೆಲೆಗಳಂತೆ ಕಾಣುತ್ತವೆ. ಫಲಕಾರಿಯಾದ ಸಂಗತಿಯೊಂದನ್ನು ಹೇಳಬಹುದು: ಅಲ್ಲಿ ಓದುತ್ತಿದ್ದ ಕ್ವಾಮೆ ಎನ್‌ಕ್ರುಮ ಎಂಬ ಆಫ್ರಿಕದ ತರುಣನು ೧೯೪೫ರಲ್ಲಿ ಲಂಡನ್ನಿಗೆ ಹೊರಟಾಗ, ಪ್ಯಾಡ್‌ಮೋರನಿಗೆ ಪರಿಚಯಪತ್ರವನ್ನು ಬರೆದುಕೊಟ್ಟವನು ಜೇಮ್ಸ್. ೧೯೫೭ರಲ್ಲಿ ಆ ತರುಣನೇ ಸ್ವತಂತ್ರ ಘಾನಾ ದೇಶದ ಪ್ರಧಾನಿಯಾದನು. ಜೇಮ್ಸನನ್ನು ಅಮೆರಿಕದ ಸರಕಾರವು ೧೯೫೨ರಲ್ಲಿ ಎಲ್ಲಿಸ್ ದ್ವೀಪದಲ್ಲಿ ಸೆರೆಯಲ್ಲಿಟ್ಟಿತು. ಅಲ್ಲಿ ಕುಳಿತು ಆತನು ಮೆಲ್ವಿಲನ ತಿಮಿಂಗಿಲದ ಕಾದಂಬರಿಯ ಮೇಲೆ ವಿಮರ್ಶೆಯೊಂದನ್ನು ಬರೆದನು. ಅದರಿಂದ ಬಿಡುಗಡೆಯಾಗಲಿಲ್ಲ, ೧೯೫೩ರಲ್ಲಿ ದೇಶವನ್ನು ಬಿಡಬೇಕಾಯಿತು.

೧೯೫೮ರಲ್ಲಿ, ಇಪ್ಪತ್ತಾರು ವರ್ಷಗಳ ಬಳಿಕ, ಆತನು ಟ್ರಿನಿಡಾಡಿಗೆ ಮರಳಿದನು. ಹಳೆಯ ಶಿಷ್ಯನಾದ ವಿಲಿಯಮ್ಸನು ಆಗ ಸರಕಾರದ ಮುಖ್ಯಸ್ಥ. ಆತನ ಪಕ್ಷದ 'ನೇಷನ್' ಪತ್ರಿಕೆಗೆ ಗುರುವು ಸಂಪಾದಕನಾದನು. ಪಶ್ಚಿಮ ಇಂಡೀಸಿನ ತಂಡಕ್ಕೆ ಬಿಳಿಯನೇ ನಾಯಕನಾಗಬೇಕೆಂಬ ಅಲಿಖಿತ ಶಾಸನವನ್ನು ಆತನು ವಾರವಾರವೂ ಆ ಪತ್ರಿಕೆಯಲ್ಲಿ ಜಾಲಾಡಿದನು. ೧೯೬೦ರ ಜನವರಿಯಲ್ಲಿ ಪೋರ್ಟ್ ಆಫ್ ಸ್ಪೇನಿನ ಮೈದಾನದೊಳಕ್ಕೆ ಪ್ರೇಕ್ಷಕರು ಶೀಸೆಗಳನ್ನು ಎಸೆದು ಆಟವನ್ನೇ ನಿಲ್ಲಿಸಿದ್ದರು. ಜನರ ಸಿಟ್ಟಿನ ಬೇರು ಆಟದಿಂದ ಹೊರಗಿದೆಯೆಂದು ಜೇಮ್ಸನು ಬರೆದನು. ಅದೇ ವರ್ಷ ಫ್ರ್ಯಾಂಕ್ ವಾರೆಲನು ನಾಯಕನಾಗಿ ಆಸ್ಟ್ರೇಲಿಯಕ್ಕೆ ಹೊರಟನು. ಇಡಿಯ ಪರ್ಯಟನೆಗೆ ನಾಯಕತ್ವ ಪಡೆದ ಕರಿಯರಲ್ಲಿ ಆತನೇ ಮೊದಲಿಗ. ೧೯೬೨ರಲ್ಲಿ ಬಾರ್ಬಡೋಸಿನಲ್ಲಿ ತಲೆಗೆ ಪೆಟ್ಟು ಬಿದ್ದ ಭಾರತದ ನಾಯಕ ನಾರಿ ಕಾಂಟ್ರಾಕ್ಟರನಿಗೆ ತನ್ನ ರಕ್ತವನ್ನು ಕೊಟ್ಟವನೂ ಈ ವಾರೆಲನೇ.

ಆಟದಲ್ಲಿ ಗೆದ್ದವನು ರಾಜ್ಯದಲ್ಲಿ ಸೋತನು. ದ್ವೀಪಗಳೆಲ್ಲವೂ ಕೂಡಿ ಒಂದು ಒಕ್ಕೂಟವಾಗಬೇಕೆಂಬುದು ಜೇಮ್ಸನ ಹಂಬಲ. ೧೯೬೧ರಲ್ಲಿ ಜಮೈಕದ ಜನರು ಅದನ್ನು ನಿರಾಕರಿಸಿದರು, ಮರುವರ್ಷ ಒಕ್ಕೂಟವು ಮುರಿಯಿತು. ಅಮೆರಿಕನ್ನರ ನೌಕಾನೆಲೆಯ ವಿಷಯದಲ್ಲಿಯೂ ಪಕ್ಷದ ರೀತಿನೀತಿಯ ವಿಷಯದಲ್ಲಿಯೂ ಗುರುಶಿಷ್ಯರಿಗೆ ಬಿರುಕು ಬಿದ್ದು, ೧೯೬೦ರಲ್ಲಿಯೇ ಜೇಮ್ಸನು ಪತ್ರಿಕೆಯನ್ನು ಬಿಟ್ಟಿದ್ದನು. ಆ ವರ್ಷ ಆತನು ಪೋರ್ಟ್ ಆಫ್ ಸ್ಪೇನಿನ ಪುಸ್ತಕಭಂಡಾರದಲ್ಲಿ ಮಾಡಿದ ಉಪನ್ಯಾಸಗಳು ಅಚ್ಚಾದರೂ, ಪ್ರತಿಗಳು ಉಗ್ರಾಣದಲ್ಲಿ ಬೀಗಮುದ್ರೆಗೊಳಗಾದುವು. ಜನರಿಗೆ ವಿವರಿಸದ ನಾಯಕನ ಕಥೆಯನ್ನು ಬರೆದವನೇ ಅದನ್ನು ತನ್ನ ಊರಿನಲ್ಲಿ ಕಣ್ಣಾರೆ ಕಂಡನು. ವಿಲಿಯಮ್ಸನ ಪಕ್ಷದಲ್ಲಿಯೂ ಹೇಳುವುದಕ್ಕೆ ಮಾತುಂಟು: ಸಣ್ಣ ದ್ವೀಪವೊಂದನ್ನು ಬಡತನದಿಂದೆತ್ತುವ ಭಾರವು ಆತನ ಹೆಗಲಿನದು, ಜೇಮ್ಸನದಲ್ಲ. ೧೯೬೨ರ ಆಗಸ್ಟ್ ೩೧ರಂದು ಟ್ರಿನಿಡಾಡು ಸ್ವತಂತ್ರವಾದಾಗ ಜೇಮ್ಸನು ಅಲ್ಲಿರಲಿಲ್ಲ. ಕೆಲವೇ ದಿನಗಳ ಹಿಂದೆ ಇಂಗ್ಲೆಂಡಿಗೆ ಹೊರಟುಹೋಗಿದ್ದನು.

ಮರುವರ್ಷ 'ಬಿಯಾಂಡ್ ಎ ಬೌಂಡರಿ' ಪ್ರಕಟವಾಯಿತು. ಅದನ್ನು ಕ್ರಿಕೆಟ್ ಪುಸ್ತಕವೆನ್ನುವುದೂ ಸರಿ, ಆತ್ಮಚರಿತ್ರೆಯೆನ್ನುವುದೂ ಸರಿ. ಆಳುವವರು ಕಲಿಸಿದ ಆಟವನ್ನು ಆಳಿಸಿಕೊಂಡವರು ಹೇಗೆ ತಮ್ಮದಾಗಿ ಮಾಡಿಕೊಂಡರೆಂಬುದರ ಚರಿತ್ರೆಯೆಂದರೆ ಇನ್ನೂ ಸರಿ. ಅದರ ಮೊದಲ ಪುಟಗಳಲ್ಲಿಯೇ ಆ ಕಿಟಕಿ, ಆ ಕುರ್ಚಿ, ಮ್ಯಾಥ್ಯೂ ಬಾಂಡ್‌ಮನ್ ಎಲ್ಲರೂ ಬರುತ್ತಾರೆ.

೧೯೬೫ರಲ್ಲಿ ಕ್ರಿಕೆಟ್ ವರದಿಗಾರನಾಗಿ ಊರಿಗೆ ಬಂದವನನ್ನು, ಸಕ್ಕರೆ ತೋಟಗಳಲ್ಲಿ ಮುಷ್ಕರವೆದ್ದಿದ್ದ ಸಮಯದಲ್ಲಿ, ಶಿಷ್ಯನ ಸರಕಾರವು ಗೃಹಬಂಧನದಲ್ಲಿಟ್ಟಿತು. ಬಿಡುಗಡೆಯಾದ ಮೇಲೆ ಆತನು, ಭಾರತೀಯ ಸಂತತಿಯ ಸ್ಟೀಫನ್ ಮಹಾರಾಜನೊಡನೆ ಸೇರಿ, ಕೂಲಿಗಾರರ ಮತ್ತು ರೈತರ ಪಕ್ಷವನ್ನು ಕಟ್ಟಿದನು. ಎಣ್ಣೆಬಾವಿಗಳ ಕರಿಯರೂ ಕಬ್ಬಿನ ಗದ್ದೆಯ ಭಾರತೀಯರೂ ಒಂದಾಗಬೇಕೆಂಬುದು ಅದರ ಸಂಕಲ್ಪ. ೧೯೬೬ರ ಚುನಾವಣೆಯಲ್ಲಿ ಒಂದು ಸ್ಥಾನವೂ ಸಿಕ್ಕಲಿಲ್ಲ.

ಲಂಡನ್ನಿನ ಜೇಮ್ಸನ ಮನೆಯಲ್ಲಿ ಓದುತ್ತಿದ್ದ ತರುಣರ ಗುಂಪಿನಲ್ಲಿ ಗಯಾನದ ವಾಲ್ಟರ್ ರಾಡ್ನಿ ಇದ್ದನು. 'ಯೂರೋಪು ಆಫ್ರಿಕವನ್ನು ಹಿಂದುಳಿಸಿದ ಬಗೆ' ಎಂಬ ಆತನ ಗ್ರಂಥವು ೧೯೭೨ರಲ್ಲಿ ಹೊರಬಂದಿತು. ೧೯೮೦ರ ಜೂನ್ ೧೩ರಂದು, ಮೂವತ್ತೆಂಟನೆಯ ವಯಸ್ಸಿನಲ್ಲಿ, ಜಾರ್ಜ್‌ಟೌನಿನಲ್ಲಿ ಬಾಂಬಿನಿಂದ ಆತನು ಹತನಾದನು. ಎಂಬತ್ತು ವರ್ಷದ ಗುರುವು ೧೯೮೧ರ ಆದಿಯಲ್ಲಿ ಶಿಷ್ಯನ ಸ್ಮರಣೆಗಾಗಿ ಮಾತನಾಡಿದನು. ಹೊಗಳಿಕೆಯಿಂದ ತೃಪ್ತನಾಗದೆ, ರಾಜ್ಯಾಧಿಕಾರವನ್ನು ಹಿಡಿಯುವ ಬಗೆಯನ್ನು ರಾಡ್ನಿ ಸಾಕಷ್ಟು ಅಭ್ಯಾಸ ಮಾಡಿರಲಿಲ್ಲವೆಂದೂ, ತನ್ನ ಪ್ರಾಣವನ್ನು ಹಾಗೆ ಒಡ್ಡಬಾರದಾಗಿದ್ದಿತೆಂದೂ ನಿಷ್ಠುರವಾಗಿ ಹೇಳಿದನು. ಅದು ಕಠಿನವೆಂದು ಕೆಲವರಿಗೆ ತೋರಿರಬಹುದು. ಟೂಸಾಂನನ್ನು ಅಳೆದ ಕೋಲಿನಿಂದಲೇ ಆತನು ರಾಡ್ನಿಯನ್ನೂ ಅಳೆದನು.

ಕೊನೆಯ ವರ್ಷಗಳನ್ನು ಜೇಮ್ಸನು ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ, ಪತ್ರಿಕೆಯೊಂದರ ಕಚೇರಿಯ ಮೇಲಿನ ಕೋಣೆಯಲ್ಲಿ, ಪುಸ್ತಕಗಳ ನಡುವೆ ಕಳೆದನು. ಕೈ ನಡುಗುತ್ತಿದ್ದರೂ ಬಂದವರೊಡನೆ ಷೇಕ್ಸ್‌ಪಿಯರನ ಮಾತು, ಬಳಿಕ ಕ್ರಿಕೆಟ್ಟಿನ ಮಾತು. ೧೯೮೯ರ ಮೇ ೩೧ರಂದು ಆತನು ತೀರಿಕೊಂಡನು. ದೇಹವನ್ನು ಟ್ರಿನಿಡಾಡಿಗೆ ಕೊಂಡೊಯ್ದು ಟುನಾಪುನದಲ್ಲಿ ಹೂಳಿದರು.